ಬಾಯಿ ಬಿಡದವಳು

ಪೊಲೀಸ್ ಅಧಿಕಾರಿಣಿ ಬಾಗಿಲು ಮುಚ್ಚಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದಳು. ವಿಮಾನ ನಿಲ್ದಾಣದ ಆ ಕೋಣೆಗೆ ಕಿಟಕಿ ಇರಲಿಲ್ಲ. ಹುಡುಗಿಯ ಜೊತೆ ಬಂದಿದ್ದ ಚಿಕ್ಕಮ್ಮನನ್ನು ಬೇರೆ ಕೋಣೆಗೆ ಕರೆದೊಯ್ದಿದ್ದರು.

ಹೀಗಾಗಬಹುದೆಂದು ಚಿಕ್ಕಮ್ಮ ವಿಮಾನದಲ್ಲೇ ಎಚ್ಚರಿಸಿದ್ದಳು. ಪರದೇಶದ ಪೊಲೀಸರಿಗೂ ಕಾನೂನಿದೆ, ಮಾತಾಡೆಂದು ಒತ್ತಾಯಿಸುವ ಹಾಗಿಲ್ಲ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡ. ಒಂದು ಮಾತು ಜಾರಿದರೂ ಇಬ್ಬರನ್ನೂ ವಾಪಸ್ ಅಟ್ಟುತ್ತಾರೆ, ಇಲ್ಲಿ ಕೊಡಿಸುತ್ತೇನೆಂದ ಹೊಲಿಗೆ ಅಂಗಡಿಯ ಕೆಲಸ ಕೈತಪ್ಪಿದಂತೆಯೇ. ಆ ಕೆಲಸವನ್ನು ನಂಬಿಕೊಂಡೇ ಹುಡುಗಿ ಮನೆಯಲ್ಲಿ ಜಗಳವಾಡಿ ಬಂದಿದ್ದಳು. ಯಾವ ಮುಖ ಹೊತ್ತು ಹಿಂದಿರುಗುವುದು?

ಅಧಿಕಾರಿಣಿ ಫೋನಿನ ಸ್ಪೀಕರ್ ಒತ್ತಿದಳು. ಎಲ್ಲೋ ಕುಳಿತ ದುಭಾಷಿಯ ಹೆಣ್ಣುದನಿ. ಅಚ್ಚ ಕನ್ನಡ. ಹುಡುಗಿಗೆ ಅಳು ಉಕ್ಕಿತು, ನುಂಗಿಕೊಂಡಳು. ನಮ್ಮ ಭಾಷೆಯಲ್ಲೇ ಮರುಳು ಮಾಡುತ್ತಾರೆ, ಕರಗಬೇಡ ಎಂದೂ ಚಿಕ್ಕಮ್ಮ ಹೇಳಿದ್ದಳು.

ಪಾಸ್‌ಪೋರ್ಟ್ ಯಾರ ಹತ್ತಿರವಿದೆ? ಇಳಿದುಕೊಳ್ಳುವ ವಿಳಾಸವೇನು? ಜೊತೆಗೆ ಬಂದವರು ನಿಮ್ಮ ತಾಯಿಯ ಸ್ವಂತ ತಂಗಿಯೇ? ಹುಡುಗಿ ಮೇಜನ್ನೇ ದಿಟ್ಟಿಸಿದಳು.

"ಉತ್ತರ ಕೊಡದೇ ಇರೋದು ನನ್ನ ಹಕ್ಕು."

ಹೌದು, ಹಕ್ಕೇ ಎಂದು ಅಧಿಕಾರಿಣಿ ಒಪ್ಪಿಕೊಂಡಳು. ನಿಮ್ಮ ದೇಶದ ರಾಯಭಾರ ಕಚೇರಿಯೊಂದಿಗೆ ಮಾತಾಡುವುದೂ ಹಕ್ಕು, ಈಗಲೇ ಫೋನ್ ಮಾಡಿಸಲೇ ಎಂದು ದುಭಾಷಿಯಿಂದ ಕೇಳಿಸಿದಳು.

ಇದನ್ನು ಚಿಕ್ಕಮ್ಮ ಹೇಳಿರಲಿಲ್ಲ. ಹಾಗಾದರೆ ಬಲೆ ಇದೇ. ಹುಡುಗಿ ಬೇಡವೆಂದು ತಲೆಯಾಡಿಸಿದಳು.

ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. ದುಭಾಷಿ ಮಾತ್ರ ತಾನಾಗಿಯೇ ಮುಂದುವರಿಸಿದಳು.

"ನೋಡಮ್ಮ, ದನಿ ಕೇಳಿದ್ರೆ ನನ್ನ ಮಗಳ ವಯಸ್ಸು ನಿಂದು. ಆ ಬಾಗಿಲು ದಾಟಿದ್ಮೇಲೆ ನಮ್ಮ ಕೈಲೇನೂ ಇರಲ್ಲ. ಒಂದು ಮಾತು ಹೇಳ್ಬಿಡು."

ಬೆದರಿಕೆ. ಹುಡುಗಿ ತುಟಿ ಕಚ್ಚಿ ಕುಳಿತಳು.

ಕೊನೆಗೆ ಬೇರೆ ದಾರಿಯಿಲ್ಲದೆ ಬಿಟ್ಟರು. ಹೊರಗೆ ಚಿಕ್ಕಮ್ಮ ಅವಳನ್ನು ಬಾಚಿ ತಬ್ಬಿ, ಭೇಷ್ ಪುಟ್ಟಿ ಎಂದು ತಲೆ ಸವರಿದಳು. ಕಾಯುತ್ತಿದ್ದ ಕಾರಿನ ಹಿಂದಿನ ಸೀಟಿಗೊರಗಿ ಹುಡುಗಿ ಕಣ್ಣು ಮುಚ್ಚಿದಳು. ಗೆದ್ದಿದ್ದಳು.

ಅವಳಿಗೆ ನಿದ್ದೆ ಹತ್ತಿತೆಂದುಕೊಂಡು ಮುಂದಿನ ಸೀಟಿನಲ್ಲಿ ಚಿಕ್ಕಮ್ಮ ಫೋನ್ ತೆಗೆದಳು.

"ಬರ್ತಿದೀವಿ. ಇಲ್ಲ, ಹೋದ ಸಲದವಳ ಹಾಗಲ್ಲ, ಇವಳು ಬಾಯೇ ಬಿಡಲಿಲ್ಲ. ಹೆಸರಾ? ನೀವೇ ಯಾವುದಾದ್ರೂ ಇಟ್ಕೊಳ್ಳಿ."