ನಲವತ್ತೆರಡು ಸೆಂಟಿಮೀಟರ್ ನೆರಳು

"ಬಿಸಿಲು ಬೇಡ," ಎಂದರು ಹೆಡ್ ಮೇಡಂ. ಎರಡು ದೇಶಗಳ ಶಾಲಾಮಕ್ಕಳು ಆನ್‌ಲೈನ್‌ನಲ್ಲಿ ಕೂಡಿ ಮಾಡಬೇಕಾಗಿದ್ದ ನೆರಳಿನ ಪ್ರಾಜೆಕ್ಟಿನ ಏಳನೆಯ ಸಭೆ ಅದು.

ಭೂಗೋಳದ ಮಿಸ್ ತಬ್ಬಿಬ್ಬಾದರು. "ಬಿಸಿಲಿಲ್ಲದೆ ನೆರಳು ಎಲ್ಲಿಂದ ತರೋದು ಮೇಡಂ?"

"ಅದನ್ನ ನೀವು ನೋಡ್ಕೊಳ್ಳಿ. ಮಕ್ಕಳಿಗೆ ತಲೆನೋವು ಬರುತ್ತೆ ಅಂತ ಆಗಲೇ ಮೂರು ಜನ ತಾಯಂದಿರು ಫೋನ್ ಮಾಡಿದ್ದಾರೆ. ಹಾಲ್‌ನಲ್ಲೇ ಇಟ್ಕೊಂಡ್ರೆ ಬ್ಯಾನರೂ ಎದ್ದು ಕಾಣುತ್ತೆ."

ಮಿಸ್ ಯೋಚಿಸಿದ್ದು ಬಹಳ ಸರಳವಾದದ್ದು. ಒಂದು ಮೀಟರ್ ಉದ್ದದ ಕೋಲು ನೆಟ್ಟು ನಡುಮಧ್ಯಾಹ್ನ ಅದರ ನೆರಳು ಅಳೆಯುವುದು. ಅದೇ ಹೊತ್ತಿಗೆ, ನೇರ ಉತ್ತರಕ್ಕೆ ಎರಡು ಸಾವಿರ ಕಿಲೋಮೀಟರ್ ದೂರದ ಇನ್ನೊಂದು ದೇಶದ ಮಕ್ಕಳು ಅಷ್ಟೇ ಉದ್ದದ ಕೋಲಿನ ನೆರಳು ಅಳೆಯುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ಭೂಮಿಯ ಸುತ್ತಳತೆ ಎಷ್ಟೆಂದು ಮಕ್ಕಳೇ ಕಂಡುಹಿಡಿಯುವುದು. ಆ ದೇಶದ ಶಾಲೆಯ ಗಣಿತದ ಮೇಷ್ಟ್ರು ಕೇಳಿದ ದಿನವೇ ಕುಣಿದಾಡಿಕೊಂಡು ಒಪ್ಪಿದ್ದರು. ಬೇಕಾದದ್ದು ಕೋಲು, ಅಳತೆಪಟ್ಟಿ ಮತ್ತು ಸೂರ್ಯ. ಮೂರೂ ಪುಕ್ಕಟೆ ಸಿಗುವಂಥವಾದ್ದರಿಂದಲೋ ಏನೋ, ಸಭೆಗಳಲ್ಲಿ ಅವುಗಳ ಮಾತೇ ಬಂದಿರಲಿಲ್ಲ. ಮೊದಲ ಸಭೆ ಪ್ರಾಜೆಕ್ಟಿನ ಹೆಸರಿಗೆ ಹೋಯಿತು. ಎರಡನೆಯದು ಲಾಂಛನಕ್ಕೆ, ಮೂರನೆಯದು ಲಾಂಛನದ ಗೋಳದಲ್ಲಿ ಯಾರ ದೇಶ ಮುಂದೆ ಕಾಣಬೇಕೆಂಬ ಜಗಳಕ್ಕೆ. ಉಳಿದ ಮೂರನ್ನು ಸ್ವಾಗತ ಭಾಷಣ ನುಂಗಿ ನೀರು ಕುಡಿದಿತ್ತು.

"ಸೂರ್ಯನ್ನ ನಂಬ್ಕೊಂಡು ಕಾರ್ಯಕ್ರಮ ಮಾಡಕ್ಕಾಗುತ್ತೇನ್ರೀ? ಅವತ್ತು ಮೋಡ ಮುಚ್ಚಿದ್ರೆ?" ಹೆಡ್ ಮೇಡಂ ಕಡತದ ಮೇಲೆ ಬರೆದೇಬಿಟ್ಟರು. "ಅಳತೆ ಈಗಲೇ ಹಾಕ್ಬಿಡೋಣ. ನಲವತ್ತೆರಡು."

"ನಲವತ್ತೆರಡೇ ಯಾಕೆ ಮೇಡಂ?"

"ನಲವತ್ತು ಅಂದ್ರೆ ಸುಳ್ಳು ಅನ್ಸುತ್ತೆ."

ಮಿಸ್‌ಗೆ ನಾಲಿಗೆಯ ತುದಿಗೆ ಬಂದದ್ದು ಬೇರೆ. ಆದರೆ ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಖಾಯಂ ಮಾಡುವ ಕಡತವೂ ಅದೇ ಮೇಜಿನ ಮೇಲಿತ್ತು. ತಾನು ಮುನಿಸಿಕೊಂಡರೆ ಆ ದೇಶದ ಮಕ್ಕಳ ಮುಖ ನೋಡಬೇಕೆಂದು ಎರಡು ತಿಂಗಳಿಂದ ದಿನ ಎಣಿಸುತ್ತಿದ್ದ ಇಪ್ಪತ್ತಾರು ಮಕ್ಕಳಿಗೆ ಅದೂ ತಪ್ಪುತ್ತದೆ. ನಲವತ್ತೆರಡನ್ನು ತಮ್ಮ ಪುಸ್ತಕದಲ್ಲೂ ಬರೆದುಕೊಂಡರು.

ಆ ದಿನ ಬಂತು, ಮೋಡವೂ ಬಂತು. ಹಾಲ್‌ನ ದೀಪಗಳನ್ನೆಲ್ಲ ಹಾಕಿದರು. ಪರದೆಯ ಮೇಲೆ ಆ ದೇಶದ ಹಾಲ್ ಕಂಡಿತು, ಅಲ್ಲಿನ ಬ್ಯಾನರ್ ಇವರದಕ್ಕಿಂತ ಒಂದು ಗೇಣು ದೊಡ್ಡದು ಎಂದು ಹೆಡ್ ಮೇಡಂ ಮುಖ ಸಣ್ಣಗಾಯಿತು. ಇಲ್ಲಿನ ಹುಡುಗಿಯರಿಬ್ಬರು ಉರುಹೊಡೆದಿದ್ದ ನಲವತ್ತೆರಡನ್ನು ತಡವರಿಸದೆ ಒಪ್ಪಿಸಿದರು. ಅಲ್ಲಿಯವರು ಐವತ್ತೊಂಬತ್ತು ಒಪ್ಪಿಸಿದರು. ಆ ಲೆಕ್ಕಕ್ಕೆ ಭೂಮಿ ಇದ್ದದ್ದಕ್ಕಿಂತ ಎರಡು ಪಟ್ಟಿಗೂ ಮೀರಿ ಊದಿಕೊಳ್ಳುತ್ತಿತ್ತು. ಚಪ್ಪಾಳೆಯ ಭರಾಟೆಯಲ್ಲಿ ಅದು ಯಾರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. ಟೀಚರುಗಳೆಲ್ಲ ಪ್ರಶ್ನೆಪುಟ್ಟಿ ಎಂದು ಕರೆಯುತ್ತಿದ್ದ ಹುಡುಗಿ. "ಮಿಸ್, ಅವರ ಕಿಟಕೀಲಿ ಮಳೆ ಸುರೀತಿದೆ! ನೆರಳು ಹೇಗೆ ಅಳೆದ್ರು?"

"ಕೂತ್ಕೋ ಪುಟ್ಟಿ," ಎಂದರು ಹೆಡ್ ಮೇಡಂ, ಕ್ಯಾಮೆರಾದತ್ತ ನಗುತ್ತಲೇ, ಹಲ್ಲು ಕಚ್ಚಿ. ಪರದೆಯಲ್ಲೂ ಒಬ್ಬ ಹುಡುಗಿ ಎದ್ದುನಿಂತು ಈ ಹಾಲ್‌ನ ಕಿಟಕಿಯತ್ತ ಬೆರಳು ಮಾಡಿ ಏನೋ ಕೇಳುತ್ತಿದ್ದಳು. ಅಲ್ಲಿನ ಪ್ರಾಂಶುಪಾಲರು ಅವಳನ್ನು ಅದೇ ನಗೆಯಲ್ಲಿ ಕೂರಿಸಿದರು. ಆ ಒಂದು ವಿಷಯದಲ್ಲಿ ಎರಡು ದೇಶಗಳ ಸಹಯೋಗಕ್ಕೆ ಎಳ್ಳಷ್ಟೂ ಕೊರತೆಯಿರಲಿಲ್ಲ.

ಸ್ಟಾಫ್ ರೂಮಿಗೆ ಬಂದು ಮಿಸ್ ತಲೆ ಹಿಡಿದುಕೊಂಡು ಕೂತಾಗ ಫೋನಿಗೆ ಆ ಕಡೆಯ ಗಣಿತದ ಮೇಷ್ಟ್ರ ಸಂದೇಶ ಬಂತು. "ನಿಮ್ಮ ನಲವತ್ತೆರಡು ಅಳೆದವರು ಯಾರು?"

"ನಮ್ಮ ಹೆಡ್ ಮೇಡಂ. ನಿಮ್ಮ ಐವತ್ತೊಂಬತ್ತು?"

"ನಮ್ಮ ಪ್ರಾಂಶುಪಾಲರು. ಅರವತ್ತು ಅಂದರೆ ಸುಳ್ಳು ಅನ್ನಿಸುತ್ತದಂತೆ."

ಮಿಸ್ ಒಬ್ಬರೇ ಕೂತು ನಕ್ಕರು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಂದೇಶ: "ಮುಂದಿನ ಬುಧವಾರ ನಮ್ಮಲ್ಲಿ ಬಿಸಿಲಂತೆ. ನಿಮ್ಮಲ್ಲಿ?"

ಬುಧವಾರ ಎರಡೂ ಕಡೆ ಬಿಸಿಲು ಚೆನ್ನಾಗಿಯೇ ಕಾಯುತ್ತಿತ್ತು. ಊಟದ ಬಿಡುವಿನಲ್ಲಿ, ಭಾಷಣವಿಲ್ಲದೆ, ಬ್ಯಾನರಿಲ್ಲದೆ, ಇಪ್ಪತ್ತಾರು ಮಕ್ಕಳು ಮೈದಾನದ ಮೂಲೆಯಲ್ಲಿ ಕೋಲಿನ ಸುತ್ತ ಮುತ್ತಿಕೊಂಡರು. ಪ್ರಶ್ನೆಪುಟ್ಟಿ ಮಂಡಿಯೂರಿ ಅಳೆದಳು. "ಮೂವತ್ತೊಂದೂವರೆ, ಮಿಸ್!" ಫೋನಿನಲ್ಲಿ ಆ ಕಡೆಯಿಂದ ಎಪ್ಪತ್ತೆರಡು ಬಂತು. ನೆಲದ ಮೇಲೆ ಗೀಚಿ, ಅಳಿಸಿ, ಕಿತ್ತಾಡಿಕೊಂಡು ಮಕ್ಕಳು ಹಾಕಿದ ಲೆಕ್ಕದಲ್ಲಿ ಭೂಮಿಯ ಸುತ್ತಳತೆ ಮೂವತ್ತೊಂಬತ್ತು ಸಾವಿರ ಕಿಲೋಮೀಟರ್ ದಾಟಿತು. ಪುಸ್ತಕದಲ್ಲಿ ನಲವತ್ತು ಸಾವಿರವಿತ್ತು. ಕೇಕೆ ಮುಗಿಲು ಮುಟ್ಟಿತು.

ಆ ಗದ್ದಲಕ್ಕೆ ಹೆಡ್ ಮೇಡಂ ಕೊಡೆ ಹಿಡಿದುಕೊಂಡು ಬಂದರು. ಮಿಸ್ ಫೋನನ್ನು ಬೆನ್ನ ಹಿಂದೆ ಮರೆಮಾಡಿದರು. ಪುಟ್ಟಿ ಮಾತ್ರ ಅಳತೆಪಟ್ಟಿಯನ್ನು ನೆರಳಿನ ಪಕ್ಕಕ್ಕೆ ಹಿಡಿದು ತೋರಿಸಿದಳು. ಹೆಡ್ ಮೇಡಂ ಬಗ್ಗಿ ನೋಡಿದರು, ಕೋಲನ್ನೂ ನೋಡಿದರು. ಬೈಯಲಿಲ್ಲ.

"ವರದಿ ನಲವತ್ತೆರಡು ಅಂತಲೇ ಅಚ್ಚಾಗಿ ಹೋಗಿದೆಯಲ್ರೀ," ಎಂದರು, ನಿಜವಾಗಿಯೂ ಕಳವಳದಿಂದ. ಆಮೇಲೆ ಅವರ ಮುಖ ಅರಳಿತು. "ಒಂದು ಕೆಲಸ ಮಾಡಿ ಮಿಸ್. ಇನ್ನೂ ಸ್ವಲ್ಪ ಉದ್ದದ ಕೋಲು ನೆಡಿ."