ಎಂಟನೇ ಖಾತೆ

ಏಳನೇ ಖಾತೆಯೂ ಮುಚ್ಚಿಹೋಯಿತು. ಪರದೆಯ ಮೇಲೆ ಎಂದಿನ ಅದೇ ಸಾಲು: "ಈ ಮಾರಾಟಗಾರರನ್ನು ಗುಂಪಿನಿಂದ ಹೊರಹಾಕಲಾಗಿದೆ."

ಮೇಸ್ತ್ರಿ ಕುರ್ಚಿ ಎಳೆದುಕೊಂಡು, ಆ ಖಾತೆ ನಡೆಸುತ್ತಿದ್ದ ಹುಡುಗಿಯ ಪಕ್ಕ ಕೂತ. ಆ ದೊಡ್ಡ ಕೋಣೆಯಲ್ಲಿ ದುಡಿಯುವವರ ಮೇಲೆಲ್ಲ ಅವನದೇ ಕಾವಲು. ಅವನು ಎಂದೂ ಕೂಗಾಡುತ್ತಿರಲಿಲ್ಲ. ಅದಕ್ಕೇ ಅವನೆಂದರೆ ಎಲ್ಲರಿಗೂ ಹೆದರಿಕೆ.

"ಏಳು ಸಲ ಆಯ್ತು. ಎಲ್ಲಿ ತಪ್ತಾ ಇದೆ?"

"ಅವ್ರು ಕಾರಣ ಹೇಳೋದೇ ಇಲ್ಲ ಸಾರ್."

ಅದು ನಿಜ. ಗೊಂಬೆ ಸಂಗ್ರಹಿಸುವವರ ಆ ಗುಂಪಿನಲ್ಲಿ ಹಾಗೊಂದು ಕಟ್ಟುನಿಟ್ಟು. ಕಾರಣ ಹೇಳಿದರೆ ಮೋಸಗಾರ ತಿದ್ದಿಕೊಂಡು ಮತ್ತೆ ಬರುತ್ತಾನೆ. ಮಾರಲು ಬಂದವರನ್ನು ಜಾಲಾಡುವುದು ಗೊಂಬೆ ರಿಪೇರಿ ಮಾಡುವ ಒಬ್ಬ ಹೆಂಗಸು. ಗುಂಪಿನವರು ಆಕೆಯನ್ನು ಪ್ರೀತಿಯಿಂದ 'ಹದ್ದು' ಎನ್ನುತ್ತಿದ್ದರು. ಹದ್ದು ಹಸಿರು ಗುರುತು ಹಾಕಿದರೆ ಜನ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಇಲ್ಲವೆಂದರೆ ತಿರುಗಿಯೂ ನೋಡುತ್ತಿರಲಿಲ್ಲ.

"ಬೇರೆ ಗುಂಪು ನೋಡು."

"ಬೇರೆ ಕಡೆ ಬೆರಳೆಣಿಕೆ ಜನ ಸಾರ್. ಇಲ್ಲಿ ಒಂದ್ಸಲ ಒಳಗೆ ಹೋದ್ರೆ ಸಾವಿರಾರು ಮಂದಿ. ಇನ್ನೊಂದೇ ಒಂದ್ಸಲ ಪ್ರಯತ್ನ ಮಾಡ್ತೀನಿ."

ಮೇಸ್ತ್ರಿ ಕುರ್ಚಿಯಿಂದ ಎದ್ದ. "ಇದೇ ಕೊನೆ. ಆಗ್ಲಿಲ್ಲ ಅಂದ್ರೆ ನಾಳೆ ನೀನು ಹಿಂದಿನ ಕಟ್ಟಡಕ್ಕೆ."

ಹಿಂದಿನ ಕಟ್ಟಡಕ್ಕೆ ಈವರೆಗೆ ಮೂವರು ಹೋಗಿದ್ದರು. ಅವರ ಚಪ್ಪಲಿಗಳು ಇನ್ನೂ ಈ ಬಾಗಿಲ ಬಳಿಯೇ ಬಿದ್ದಿದ್ದವು.

ಆಟಿಕೆ ಕಂಪನಿಯಲ್ಲಿ ಫೋಟೋ ತೆಗೆಯುವ ಕೆಲಸ ಎಂದು ನಂಬಿ ಅವಳು ಬಂದು ಐದು ತಿಂಗಳಾಗಿತ್ತು. ಬಂದ ದಿನವೇ ಫೋನು, ಗುರುತಿನ ಚೀಟಿ ಕಿತ್ತುಕೊಂಡಿದ್ದರು. ಕಿಟಕಿಗಳಿಗೆಲ್ಲ ಹಲಗೆ ಬಿಗಿದಿದ್ದರು. ಅವಳು ಏನು ಬರೆದರೂ ಮೊದಲು ಮೇಸ್ತ್ರಿಯ ಪರದೆಗೆ. ಅವನು ಒಪ್ಪಿ ಒತ್ತಿದರೆ ಮಾತ್ರ ಹೊರಗೆ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ಯಾರೂ ಇಲ್ಲ ಎಂದಿದ್ದಳು.

ಅಲ್ಲಿ ಇದ್ದದ್ದು ಒಂದೇ ಒಂದು ಗೊಂಬೆ. ಮೊಳದುದ್ದ, ದೊಡ್ಡ ಗಾಜಿನ ಕಣ್ಣು. ಅದಕ್ಕೇ ಕೂದಲು ಬದಲಿಸಿ, ಬಟ್ಟೆ ಬದಲಿಸಿ, ಹತ್ತಾರು ಜನರಿಗೆ ಮಾರಿದ್ದರು. ಯಾರ ಮನೆಗೂ ಅದು ಹೋಗಲಿಲ್ಲ. ನಿವೃತ್ತ ನರ್ಸ್ ಒಬ್ಬಳು ಹಣ ಕಳಿಸಿದ ಮೇಲೆ, "ಗೊಂಬೆಗೆ ಕಪಾಟು ಖಾಲಿ ಮಾಡಿಟ್ಟಿದ್ದೀನಿ ಕಣಮ್ಮ" ಎಂದು ಬರೆದಿದ್ದಳು.

ಈ ಸಲ ಕಂದು ಕೂದಲು, ನೀಲಿ ಫ್ರಾಕು. ಬೆನ್ನ ಹಿಂದೆ ಸೊಂಟದ ಪಟ್ಟಿ ಬಿಗಿದು ಹೂಗಂಟು ಹಾಕಿದಳು. ಮುಂದಿನಿಂದ, ಹಿಂದಿನಿಂದ, ಕತ್ತಿನ ಮೇಲಿನ ಕಂಪನಿಯ ಗುರುತು, ಡಬ್ಬಿ ಎಂದು ನಾಲ್ಕು ಫೋಟೋ ತೆಗೆದಳು. ಎಡಗೈಯಿಂದ ಮೌಸ್ ಸರಿಸಿ ಎಂಟನೇ ಖಾತೆ ತೆರೆದಳು. ಮೇಸ್ತ್ರಿ ಎಲ್ಲವನ್ನೂ ನೋಡಿ ಕಳಿಸಿದ.

ಹದ್ದು ಹೊರಹಾಕಲು ಅರ್ಧ ಗಂಟೆ ಸಾಕಾಗುತ್ತಿತ್ತು. ಈ ಸಲ ಒಂದು ಗಂಟೆಯಾಯಿತು, ಎರಡಾಯಿತು. ಕೊನೆಗೆ ಸಂದೇಶ ಬಂತು. ಬೆನ್ನಿನ ಫೋಟೋ ಇನ್ನೊಮ್ಮೆ ಬೇಕಂತೆ. ಕಳಿಸಿದರು. ಆಮೇಲೆ:

"ದೀಪದ ಬೆಳಕಲ್ಲಿ ಮೈಬಣ್ಣ ಗೊತ್ತಾಗಲ್ಲ. ಕಿಟಕಿ ಕಡೆ ಮುಖ ಮಾಡಿ ಕೂರಿಸಿ, ಹಗಲು ಬೆಳಕಲ್ಲಿ ತೆಗೆದು ಕಳಿಸಿ."

"ಏನಿವಳ ತಕರಾರು?" ಎಂದ ಮೇಸ್ತ್ರಿ.

"ಹಳೇ ಗೊಂಬೆ ಹಳದಿ ತಿರುಗಿರತ್ತೆ ಸಾರ್, ಅದು ಹಗಲಲ್ಲೇ ಕಾಣೋದು. ಕೇಳಿದ್ದು ಸರಿಯಾಗೇ ಇದೆ."

"ತಪ್ಪು ಕಂಡ್ರೆ ಬಿಡೋ ಪೈಕಿ ಅಲ್ಲ, ಈ ಹೆಂಗಸು."

"ಬಿಡೋರೇ ಅಲ್ಲ ಸಾರ್."

ಮೇಸ್ತ್ರಿ ಗೊಣಗುತ್ತ ಒಂದು ಕಿಟಕಿಯ ಹಲಗೆಯ ತಿರುಪು ಬಿಚ್ಚಿದ. ಐದು ತಿಂಗಳ ಮೇಲೆ ಬಿಸಿಲು ಕಂಡು ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಹೊರಗೆ ನೋಡ್ಬೇಡ. ಫೋಟೋ ತೆಗಿ."

ಗೊಂಬೆಯನ್ನು ಕಿಟಕಿಗೆ ಎದುರಾಗಿ ಕೂರಿಸಿ, ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ನಿಂತು ಕ್ಲಿಕ್ಕಿಸಿದಳು. ಮೇಸ್ತ್ರಿ ಫೋಟೋದ ಮೂಲೆ ಮೂಲೆಯನ್ನೂ ಹಿಗ್ಗಿಸಿ ನೋಡಿದ. ಗೊಂಬೆಯ ಹಿಂದೆ ಬಿಳಿ ಗೋಡೆ ಬಿಟ್ಟರೆ ಬೇರೇನಿರಲಿಲ್ಲ. ಅವನು ತಲೆಯಾಡಿಸಿ ಕಳಿಸಿದ.

"ಕಣ್ಣಿನ ಗಾಜು ಬಿರುಕು ಬಿಟ್ಟಿದೆಯಾ ನೋಡ್ಬೇಕು. ಇನ್ನೂ ಹತ್ತಿರದಿಂದ ಒಂದು" ಎಂದಿತು ಹದ್ದು. ಅದನ್ನೂ ಕಳಿಸಿದರು. ಮೇಸ್ತ್ರಿ ಹಲಗೆಯನ್ನು ಮತ್ತೆ ಬಿಗಿದ. ಕೋಣೆ ಮೊದಲಿನಂತೆ ಕತ್ತಲಾಯಿತು.

ಹತ್ತೇ ನಿಮಿಷ. ಪರದೆಯ ಮೇಲೆ ಹಸಿರು ಗುರುತು ಮೂಡಿತು. "ಪರಿಶೀಲಿಸಲಾಗಿದೆ. ನಂಬಬಹುದು."

ಮೇಸ್ತ್ರಿ ಮೊದಲ ಸಲ ನಕ್ಕ. "ಅಂತೂ ಹದ್ದಿನ ಕಣ್ಣಿಗೇ ಮಣ್ಣೆರಚಿದೆಯಲ್ಲ. ಯಾಕೆ, ಅಳ್ತಿದ್ದೀಯಾ?"

"ಸಂತೋಷಕ್ಕೆ ಸಾರ್."

ಅದೂ ನಿಜ. ಕಾರ್ಖಾನೆಯಲ್ಲಿ ಕಟ್ಟಿದ ಹೂಗಂಟು ಬಲಕ್ಕೆ ಬೀಳುತ್ತದೆ. ಎಡಗೈಯವರು ಕಟ್ಟಿದ್ದು ಎಡಕ್ಕೆ. ಬಲಕ್ಕೆ ಕಟ್ಟುವುದನ್ನು ಅವಳು ಏಳನೇ ವಯಸ್ಸಿಗೇ, ಮನೆಯ ಗೊಂಬೆ ರಿಪೇರಿ ಮೇಜಿನ ಬಳಿ ಕಲಿತಿದ್ದಳು. ಆದರೂ ಎಂಟು ಸಲವೂ ಬೇಕೆಂದೇ ಎಡಕ್ಕೆ ಕಟ್ಟಿದ್ದಳು. ಏಳು ಸಲ ಹದ್ದು ಗಂಟನ್ನಷ್ಟೇ ನೋಡಿ ಹೊರದಬ್ಬಿತ್ತು. ಎಂಟನೇ ಸಲ, ಅದನ್ನು ಕಟ್ಟಿದ ಕೈ ಯಾರದೆಂದು ನೋಡಿತ್ತು.

ಅದೇ ಹೊತ್ತಿಗೆ, ಬಹುದೂರದ ಒಂದು ಪೊಲೀಸ್ ಠಾಣೆಯಲ್ಲಿ, ಅವಳ ಅಮ್ಮ ಗೊಂಬೆಯ ಗಾಜುಗಣ್ಣನ್ನು ದೊಡ್ಡದು ಮಾಡಿ, ಅದರಲ್ಲಿ ತಿರುಗುಮುರುಗಾಗಿ ಪ್ರತಿಫಲಿಸಿದ್ದ, ಕಿಟಕಿಯಾಚೆಯ ಅಂಗಡಿಯ ಬೋರ್ಡನ್ನು ಒಂದೊಂದೇ ಅಕ್ಷರವಾಗಿ ಓದಿ ಬರೆಸುತ್ತಿದ್ದಳು.