ಮೂರ್ಛೆಯ ಪಾಠ

“ಇವತ್ತೂ ಶುರುವಾಯ್ತಾ ಈ ನಾಟಕ?” ಸುಹಾಸಿನಿ ತನ್ನಷ್ಟಕ್ಕೇ ಗಟ್ಟಿಯಾಗಿ ಕೇಳಿಕೊಂಡಳು.

ಪುಟ್ಟ ತರಬೇತಿ ವಿಮಾನ ಮೋಡದ ಅಂಚಿನಲ್ಲಿತ್ತು. ಪಕ್ಕದ ಸೀಟಿನಲ್ಲಿ ಗುರುಗಳು ಕತ್ತು ವಾಲಿಸಿ ಕಣ್ಣು ಮುಚ್ಚಿದ್ದರು. ಹಾರುವಾಗ ಮೂರ್ಛೆ ಹೋದಂತೆ ನಟಿಸಿ, ಶಿಷ್ಯರು ಒಬ್ಬರೇ ವಿಮಾನ ಇಳಿಸುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವುದು ಅವರ ಪದ್ಧತಿ.

“ಗೊರಕೆ ಹೊಡೆಯೋದು ಮರೆತ್ರಲ್ಲ ಸರ್,” ಎಂದು ರೇಗಿಸಿದಳು. ಕಲಿತಂತೆಯೇ ವಿಮಾನ ಇಳಿಸಿ ನಿಲ್ಲಿಸಿದಳು.

“ಏಳಿ ಸರ್. ಎಷ್ಟು ಮಾರ್ಕ್ಸು?”

ಅವರು ಮೆಲ್ಲಗೆ ಕಣ್ಣುಬಿಟ್ಟು ಸುತ್ತ ನೋಡಿದರು. “ನಾವು ಯಾವಾಗ ಇಳಿದ್ವಿ?”

ಇದು ನಾಟಕವಲ್ಲ ಎಂದು ಹೊಳೆದದ್ದೇ ಅವಳು ರೇಡಿಯೋಗೆ ಕೈ ಚಾಚಿದಳು.

“ಯಾರಾದ್ರೂ ಕೇಳಿದ್ರೆ ಎಂದಿನ ಪರೀಕ್ಷೆ ಅಂತ ಹೇಳಮ್ಮ. ಗೊತ್ತಾದ್ರೆ ನನ್ನ ಹಾರಾಟ ನಿಲ್ಲಿಸ್ತಾರೆ. ನಾಳೆ ಹೊಸ ಬ್ಯಾಚು ಬೇರೆ ಬರ್ತಿದೆ.”

“ಇಲ್ಲ ಸರ್, ಹಾಗೆ ಹೇಳಲ್ಲ.”